ಅಂಬುಜಕ್ಕ ನೆಂಟರಾಗಿ ಬಂದ ಸಂಜೆ

ಅಂಬುಜಕ್ಕನಿಗೆ ಲಾಡ್ಜ್ ಎಂದರೆ ಆಗುವುದಿಲ್ಲ. "ಬೆಳಗ್ಗೆ ಎದ್ದಾಗ ನಿದ್ದೆ ಬಂತೇನಮ್ಮಾ ಅಂತ ಕೇಳೋ ಒಂದು ಜೀವ ಇಲ್ಲದ ಕಡೆ ನಾನು ಮಲಗೋದಿಲ್ಲ" ಎನ್ನುತ್ತಾಳೆ. ಆದ್ದರಿಂದ ನಾವಿಬ್ಬರು ಅಕ್ಕತಂಗಿಯರು ಅವಳ ಹಳೆಯ ವ್ಯಾನಿನಲ್ಲಿ ಊರೂರು ನೋಡಲು ಹೊರಟಾಗ, ತಂಗುವುದೆಲ್ಲ ಸಂಸಾರವಂದಿಗರ ಮನೆಗಳಲ್ಲೇ ಎಂದು ಮೊದಲೇ ತೀರ್ಮಾನವಾಗಿತ್ತು. ಹೋಂಸ್ಟೇ ಎಂದು ಹಲಗೆ ಬರೆಸಿಕೊಂಡವರಿದ್ದರು, ಹಲಗೆಯಿಲ್ಲದೆ ಬಾಯಿಮಾತಿನಲ್ಲೇ ನಡೆಸುವವರಿದ್ದರು. ಒಂದು ಕೋಣೆ, ಒಗೆದ ಹೊದಿಕೆ, ಬೆಳಗಿನ ತಿಂಡಿ, ಅಷ್ಟೇ ಕರಾರು. ಆದರೆ ಅಷ್ಟಕ್ಕೇ ಯಾರೂ ನಿಲ್ಲಿಸುತ್ತಿರಲಿಲ್ಲ. ಒಂದು ಮನೆಯಲ್ಲಿ ಪರೀಕ್ಷೆಗೆ ಓದುತ್ತಿದ್ದ ಮಗಳನ್ನು ನಡುಮನೆಗೆ ಎಬ್ಬಿಸಿ ಅವಳ ಕೋಣೆಯನ್ನು ನಮಗೆ ಬಿಟ್ಟರು. ಅವಳು ಗೋಡೆಗೆ ಅಂಟಿಸಿಕೊಂಡಿದ್ದ ಗಣಿತದ ಸೂತ್ರಗಳನ್ನು ಓದುತ್ತಲೇ ಅಂಬುಜಕ್ಕ ನಿದ್ದೆ ಹೋದಳು. ಇನ್ನೊಂದು ಮನೆಯ ಯಜಮಾನರು ಹಿಂದೆ ಮದುವೆ ಬ್ಯಾಂಡಿನಲ್ಲಿದ್ದವರು. ಕ್ಲಾರಿನೆಟ್ ಊದಿಯೇ ನಮ್ಮನ್ನು ಎಬ್ಬಿಸಿದರು. ಮತ್ತೊಂದು ಕಡೆ ಹಲಸಿನ ಹಣ್ಣು ಕೊಯ್ದು ತಿನ್ನಿಸಿದ ಮನೆಯಾಕೆ, ನಮ್ಮ ಕೈಗೆ ಕೊಬ್ಬರಿ ಎಣ್ಣೆ ಸವರಿ ಅಂಟು ಪೂರ್ತಿ ಬಿಡಿಸುವ ತನಕ ವ್ಯಾನು ಹತ್ತಲು ಬಿಡಲಿಲ್ಲ.

ನಾನು ಮಾತು ಕಡಿಮೆ. ನಮ್ಮಪ್ಪ ಸಂಜೆಯಾದರೆ ಪಡಸಾಲೆಯಲ್ಲಿ ಮಣೆ ಹಾಕಿಕೊಂಡು ಕಾವ್ಯ ಓದುತ್ತಿದ್ದರು. ರಾಗವಾಗಿ, ನಿಧಾನವಾಗಿ, ಒಂದೊಂದು ಪದ್ಯವನ್ನೂ ಎರಡೆರಡು ಸಲ. ಕೇಳುವುದಕ್ಕೆ ಒಬ್ಬರಾದರೂ ಎದುರಿಗೆ ಕೂರಬೇಕಿತ್ತು. ಅಂಬುಜಕ್ಕ ಮಜ್ಜಿಗೆ ಕೊಡುವ ನೆಪದಲ್ಲಿ ಬಂದು ಅದೇ ನೆಪದಲ್ಲಿ ತಪ್ಪಿಸಿಕೊಳ್ಳುತ್ತಿದ್ದಳು. ಕೂತವಳು ನಾನು. ಹಾಗೆ ಕೂತು ಕೂತು ಕಿವಿಯೇ ನನ್ನ ಸ್ವಭಾವವಾಯಿತು. ಏಕಾದಶಿಯ ಉಪವಾಸವೂ ಅಪ್ಪನಿಂದಲೇ ಬಂದದ್ದು. ಅಪ್ಪ ಹೋದ ಮೇಲೆ ನಾನು ಒಂದು ಏಕಾದಶಿಯನ್ನೂ ತಪ್ಪಿಸಿರಲಿಲ್ಲ. ಜ್ವರದಲ್ಲೂ ಇಲ್ಲ, ಪ್ರಯಾಣದಲ್ಲೂ ಇಲ್ಲ. ನನಗೆ ಮದುವೆಯಾಗಲಿಲ್ಲ, ಅಕ್ಕನ ಗಂಡ ಬೇಗ ಹೋದರು. ಅಂದಿನಿಂದ ಇಬ್ಬರದೂ ಒಂದೇ ಮನೆ, ಒಂದೇ ಒಲೆ. "ವಾರಿಜಾ, ನೀನು ಇಬ್ಬರ ಪರವಾಗಿ ಉಪವಾಸ ಮಾಡು, ನಾನು ಇಬ್ಬರ ಪರವಾಗಿ ಉಣ್ತೀನಿ" ಎಂದು ಪ್ರತಿ ಏಕಾದಶಿಯೂ ತಟ್ಟೆಯ ಮುಂದೆ ಕೂತು ಹೇಳುವಳು.

ಆ ಊರಿಗೆ ನಾವು ಹೋಗಬೇಕೆಂದು ಹೋದವರಲ್ಲ. ಇಳಿಜಾರಿನಲ್ಲಿ ವ್ಯಾನಿನ ಮೂತಿಯಿಂದ ಹೊಗೆ ಬಂತು, ರೇಡಿಯೇಟರ್ ಸೋರುತ್ತಿತ್ತು. ಎಂಜಿನ್ ಆರಿಸಿ, ಇಳಿಜಾರು ಬಿಟ್ಟ ಕಡೆಗೆ ಉರುಳಿಕೊಂಡು ಬಂದರೆ ಎದುರಿಗೆ ಒಂದು ಕವಲುದಾರಿ. ಬಸ್ಸು ಬರುವ ಹೊತ್ತಿಗೆ ಜನ ನಿಂತಿರುತ್ತಾರಲ್ಲ, ಹಾಗೆ ಅಲ್ಲಿ ಏಳೆಂಟು ಗಂಡಸರು ನಿಂತಿದ್ದರು. ಎಲ್ಲರದೂ ಇಸ್ತ್ರಿ ಮಾಡಿದ ಅಂಗಿ, ಹೆಗಲ ಮೇಲೆ ಮಡಿಸಿದ ಟವೆಲ್ಲು. ನಮ್ಮನ್ನು ಕಂಡದ್ದೇ ಅವರೆಲ್ಲರ ಮುಖ ಅರಳಿತು. ತಮ್ಮತಮ್ಮೊಳಗೇ ಏನೋ ಪಿಸುಗುಟ್ಟಿ, ಇಬ್ಬರು ಮುಂದೆ ಬಂದರು. ಒಬ್ಬ ಮಾದೇಶ ಎಂಬ ತೆಳ್ಳಗಿನ ಯುವಕ. ಇನ್ನೊಬ್ಬರು ಕೆಂಪರಾಜಪ್ಪ ಎಂಬ ಹಿರಿಯರು.

"ಒಬ್ಬರು ನಮ್ಮನೆಗೆ, ಒಬ್ಬರು ಇವರ ಮನೆಗೆ" ಎಂದರು ಕೆಂಪರಾಜಪ್ಪ.

"ನಾವಿಬ್ಬರೂ ಒಂದೇ ಕೋಣೆಯೋರಪ್ಪ" ಎಂದಳು ಅಂಬುಜಕ್ಕ.

"ಈ ಊರಲ್ಲಿ ಮನೆಗೊಬ್ಬರೇ ಅಮ್ಮಾ. ನಡುವೆ ಇರೋದು ಒಂದೇ ಗೋಡೆ. ನೀವು ಇಲ್ಲಿ ಸೀನಿದ್ರೆ ಅವರಿಗೆ ಅಲ್ಲಿ ಕೇಳ್ಸುತ್ತೆ."

ವ್ಯಾನನ್ನು ನಾಲ್ಕು ಜನ ತಳ್ಳಿಕೊಂಡು ಹೋಗಿ ಗ್ಯಾರೇಜಿಗೆ ಸೇರಿಸಿದರು. ಮೆಕ್ಯಾನಿಕ್ ಬಗ್ಗಿ ನೋಡಿ, ಬೇರೆ ಊರಿಂದ ಸಾಮಾನು ತರಿಸಬೇಕು, ನಾಡಿದ್ದು ಬೆಳಗ್ಗೆಗೆ ಆಗುತ್ತದೆ ಎಂದ. ಅವನು ಹಾಗೆಂದಾಗ ಸುತ್ತ ನಿಂತವರಿಗೆಲ್ಲ ಸಂತೋಷವಾದದ್ದನ್ನು ನಾನು ಗಮನಿಸಿದೆ.

ಮಾದೇಶ ನನ್ನನ್ನು ಮನೆಗೆ ಬಿಟ್ಟು ಮತ್ತೆ ಕವಲುದಾರಿಗೆ ಹೊರಟುಹೋದ. ಮನೆಯಲ್ಲಿ ಅವನ ತಂದೆ ಸೋಮಯ್ಯನವರು, ತಾಯಿ ದಾಕ್ಷಾಯಣಮ್ಮ, ಹೆಂಡತಿ ಚಂಪಾ, ಚಂಪಾಳ ತೊಡೆಯ ಮೇಲೆ ಇನ್ನೂ ಕತ್ತು ನಿಲ್ಲದ ಒಂದು ಕೂಸು. ನನ್ನ ಕೋಣೆಗೆ ಆಗಲೇ ಚಾಪೆ ಹಾಸಿ, ತಂಬಿಗೆಯಲ್ಲಿ ನೀರಿಟ್ಟಿದ್ದರು. ಕಿಟಕಿಯಲ್ಲಿ ಒಂದು ಲೋಟದ ತುಂಬ ಕನಕಾಂಬರ. ದಾಕ್ಷಾಯಣಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಕೇಳಿದರು: "ಏನು ಅಡುಗೆ ಮಾಡ್ಲಿ ತಾಯಿ? ಮುದ್ದೆನಾ, ಅನ್ನನಾ? ಕಾಳುಹುಳಿಗೆ ನೆನೆ ಹಾಕಿವ್ನಿ."

"ಇವತ್ತು ಏಕಾದಶಿ" ಎಂದೆ. "ನಾನು ನೀರೂ ಮುಟ್ಟೋದಿಲ್ಲ. ನಾಳೆ ದ್ವಾದಶಿ ಬೆಳಗ್ಗೆ ಪಾರಣೆ. ನೀವು ನಿಮ್ಮ ಪಾಡಿಗೆ ಊಟ ಮಾಡಿ."

ದೀಪದ ಬತ್ತಿಯನ್ನು ಯಾರೋ ಒಳಗೆಳೆದ ಹಾಗೆ ಆಕೆಯ ಮುಖ ಸಣ್ಣಗಾಯಿತು. ಒಂದು ಕ್ಷಣ ಅಷ್ಟೇ. "ಆಗಲಿ ತಾಯಿ. ವ್ರತ ದೊಡ್ಡದು" ಎಂದು ಬಾಗಿಲು ಓರೆ ಮಾಡಿಕೊಂಡು ಹೋದರು.

ಇಲ್ಲಿ ನಾನು ಎಂಥ ತಪ್ಪು ತಿಳಿದೆನೆಂದರೆ, ಆಕೆಯನ್ನು ಮನಸ್ಸಿನಲ್ಲೇ ಹೊಗಳಿದೆ. ಬೇರೆ ಮನೆಗಳಲ್ಲಿ ಏಕಾದಶಿ ಎಂದರೆ ಹಣ್ಣಾದರೂ ತಿನ್ನಿ, ಹಾಲಾದರೂ ಕುಡಿಯಿರಿ, ಅವಲಕ್ಕಿ ನಡೆಯುತ್ತದಂತಲ್ಲ ಎಂದು ಪ್ರಾಣ ಹಿಂಡುತ್ತಿದ್ದರು. ಈಕೆ ಎರಡನೆಯ ಮಾತು ಆಡಲಿಲ್ಲ. ವ್ರತದ ಬೆಲೆ ಗೊತ್ತಿರುವ ಮನೆ ಎಂದುಕೊಂಡು ಜಪಕ್ಕೆ ಕೂತೆ.

ಮಧ್ಯಾಹ್ನವಾಯಿತು. ಮನೆಯಲ್ಲಿ ಒಗ್ಗರಣೆಯ ಸದ್ದಿಲ್ಲ, ಪಾತ್ರೆಯ ಸದ್ದಿಲ್ಲ. ಸೋಮಯ್ಯನವರು ಜಗಲಿಯಲ್ಲಿ ಕೂತು ಮಂಚಕ್ಕೆ ಹಗ್ಗ ಹೆಣೆಯುತ್ತಿದ್ದರು. ನಾಲ್ಕು ಎಳೆ ಹೆಣೆದು ಸುಮ್ಮನೆ ಕೂರುವರು, ಮತ್ತೆ ನಾಲ್ಕು ಎಳೆ. ಕೂಸು ಅಳುತ್ತಿತ್ತು. ಅದು ಹಟದ ಅಳುವಲ್ಲ. ಅತ್ತು, ಚೀಪಿ, ಏನೂ ಸಿಗದೆ ಬಿಟ್ಟು, ಮತ್ತೆ ಅಳುವ ಅಳು. ಗೋಡೆಯಾಚೆ ಕೆಂಪರಾಜಪ್ಪನವರ ಮನೆಯಿಂದ ಮಾತ್ರ ತಟ್ಟೆಗಳ ಸದ್ದು, ಯಾರೋ ಗಟ್ಟಿಯಾಗಿ ತೇಗಿದ್ದು, ಅದರ ಮೇಲೆ ಅಂಬುಜಕ್ಕನ ನಗೆ.

ದೀಪ ಹಚ್ಚುವ ಹೊತ್ತಿಗೆ ಸ್ವಲ್ಪ ಮುಂಚೆ ಅಂಬುಜಕ್ಕ ಬಂದಳು. ಬಂದವಳು ನನ್ನ ಕೋಣೆಯ ಬಾಗಿಲು ಹಾಕಿದಳು.

"ಏನೇ ವಾರಿಜಾ, ಏನಾದರೂ ತಿಂದ್ಯಾ?"

"ಏಕಾದಶಿ ಅಲ್ವೇನೆ."

"ನಿನ್ನ ಏಕಾದಶಿಗೆ ಬೆಂಕಿ ಬೀಳ" ಎಂದಳು. ನಂತರ ದನಿ ತಗ್ಗಿಸಿ, ಕೆಂಪರಾಜಪ್ಪನವರ ಹೆಂಡತಿ ವೀಳ್ಯ ಮಡಚುತ್ತ ಹೇಳಿದ್ದನ್ನೆಲ್ಲ ಹೇಳಿದಳು. ಹೊರಗಿನಿಂದ ಬಂದವರು ಮನೆಯಲ್ಲಿ ಕೂತು ಹೊಟ್ಟೆ ತುಂಬ ಉಣ್ಣದೆ ಈ ಊರಿನವರಿಗೆ ಹಸಿವು ಹೋಗುವುದಿಲ್ಲವಂತೆ. ಉಂಡದ್ದು ಒಳಗಿಳಿಯುತ್ತದೆ, ಜೀವ ಹಿಡಿಯುತ್ತದೆ. ಆದರೆ ಉಂಡ ಹಾಗೆ ಆಗುವುದಿಲ್ಲ. ಎದುರು ಮನೆಯವರು ಲೆಕ್ಕಕ್ಕಿಲ್ಲ, ಊರಿನವರು ಯಾರೂ ಲೆಕ್ಕಕ್ಕಿಲ್ಲ. ಬಳೆಗಾರ, ಜನಗಣತಿಯವರು, ದಾರಿ ತಪ್ಪಿದ ಲಾರಿಯವರು, ಎಲ್ಲರಿಗೂ ಇಲ್ಲಿ ಎಲೆ ಹಾಕುತ್ತಾರೆ. ಒಬ್ಬನನ್ನು ಹಿಡಿದುಕೊಂಡು ಹೋಗಲು ಬಂದ ಪೊಲೀಸಿನವನಿಗೆ ಆ ಮನೆಯವರೇ ಮೂರು ಹೊತ್ತು ಬಡಿಸಿದರಂತೆ. ಕೊನೆಗೆ ಅವನು ನಾಚಿಕೊಂಡು ಬರಿಗೈಯಲ್ಲಿ ಹೋದನಂತೆ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳೆಂದರೆ ಇಲ್ಲಿ ದೇವರ ಸಮಾನ, ಅವರು ತೌರಿಗೆ ಬಂದರೆ ನೆಂಟರ ಲೆಕ್ಕ. ಆಚೆ ಹೊಸ ರಸ್ತೆ ಆದ ಮೇಲೆ ಈ ದಾರಿಗೆ ಬರುವವರೇ ಕಡಿಮೆ. ಆದ್ದರಿಂದಲೇ ಮನೆಗೊಬ್ಬರು. ಒಬ್ಬರ ಮನೆಯ ನೆಂಟರನ್ನು ಇನ್ನೊಬ್ಬರು ಊಟಕ್ಕೆ ಕರೆಯುವುದೆಂದರೆ ಇನ್ನೊಬ್ಬರ ಹೊಲದ ತೆನೆ ಕೊಯ್ದ ಹಾಗೆ.

"ಈ ಮನೆಗೆ ನೀನೇ ಕಣೆ ಇಷ್ಟು ದಿನಕ್ಕೆ ಬಂದೋಳು" ಎಂದಳು. "ಆ ಹುಡುಗಿಗೆ ಹಾಲು ಬತ್ತಿದೆ. ನೀನು ಇಲ್ಲಿ ಕಣ್ಣು ಮುಚ್ಚಿ ಕೂತು ಪುಣ್ಯ ಮಾಡ್ತಿದ್ದೀಯ."

"ಅವರು ಒಂದು ಮಾತು ಹೇಳಲಿಲ್ಲವಲ್ಲೇ."

"ಹೇಳಿದ್ರೆ ಅದು ಕರೆದು ಉಣ್ಣಿಸಿದ ಹಾಗಾಯ್ತಾ? ಕೇಳಿ ಉಣ್ಣಿಸಿಕೊಂಡ ಹಾಗಾಯ್ತು. ಅದು ನಡೆಯಲ್ವಂತೆ."

ಅವಳು ಹೋದ ಮೇಲೆ ಅಪ್ಪನ ಕಾವ್ಯಗಳು ನೆನಪಾದವು. ಅಪ್ಪ ಓದುತ್ತಿದ್ದ ಕಥೆಗಳಲ್ಲಿ ದೇವರು ಎಷ್ಟೋ ಸಲ ಅತಿಥಿಯಾಗಿ ಬರುತ್ತಾನೆ. ಬಾಗಿಲಲ್ಲಿ ನಿಲ್ಲುತ್ತಾನೆ, ಪರೀಕ್ಷೆ ಮಾಡುತ್ತಾನೆ, ಒಲಿಯುತ್ತಾನೆ. ನಾನು ಕೇಳಿದ್ದೆಲ್ಲ ಬಂದವನ ಕಡೆಯಿಂದ. ಆ ಹೊತ್ತು ಆ ಮನೆಯ ಒಳಗಿದ್ದವರು ಉಂಡಿದ್ದರೋ ಇಲ್ಲವೋ ಎಂದು ಒಂದು ದಿನವೂ ಅಪ್ಪನನ್ನು ಕೇಳಿರಲಿಲ್ಲ. ಕೂಸು ಮತ್ತೆ ಅತ್ತಿತು. ಎದ್ದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ದಾಕ್ಷಾಯಣಮ್ಮ, ನನಗೆ ಬಡಿಸಿ" ಎಂದೆ.

ಆಕೆ ನನ್ನ ಮುಖ ನೋಡಿದರು. ಎಲ್ಲ ಅರ್ಥವಾಯಿತೆಂದು ತೋರುತ್ತದೆ. ಆದರೂ ಆಸೆಗೆ ಸೋತು ಒಲೆ ಹೊತ್ತಿಸಿದರು. ಅನ್ನ, ಕಾಳುಹುಳಿ. ಅವರೂ ನನ್ನ ಜೊತೆಗೇ ತಟ್ಟೆ ಹಾಕಿಕೊಂಡು ಕೂತರು. ನಾನು ದೇವರ ಹೆಸರು ಹೇಳಿ ಮೊದಲ ತುತ್ತು ಬಾಯಿಗಿಟ್ಟೆ. ಅಷ್ಟು ವರ್ಷದ ವ್ರತ ಆ ತುತ್ತಿನೊಂದಿಗೆ ಗಂಟಲಿನಲ್ಲಿ ಇಳಿಯಿತು. ಕಣ್ಣೀರು ಬಂತು, ಖಾರ ಎಂದೆ. ಬಡಿಸಿದ್ದನ್ನೆಲ್ಲ ಉಂಡೆ. ಚಂಪಾ ತಲೆ ಎತ್ತದೆ ಉಣ್ಣುತ್ತಿದ್ದಳು. ಉಂಡು ಮುಗಿಸಿ ಅತ್ತೆಯ ಕಡೆ ನೋಡಿ, ಇಲ್ಲ ಎಂಬಂತೆ ಮೆಲ್ಲಗೆ ತಲೆ ಆಡಿಸಿದಳು.

"ಯಾಕೆ?" ಎಂದೆ. "ನಾನು ಉಂಡೆನಲ್ಲ."

ದಾಕ್ಷಾಯಣಮ್ಮ ನನ್ನ ಕೈ ಹಿಡಿದುಕೊಂಡರು. "ನಮಗೋಸ್ಕರ ಉಂಡ್ರೆ ಆಗಲ್ಲ ತಾಯಿ. ನಿಮಗೋಸ್ಕರ ಉಣ್ಬೇಕು. ಹೊಟ್ಟೆ ಹಸಿದು, ಬೇಕು ಅನ್ನಿಸಿ ಉಣ್ಬೇಕು. ನಾಳೆ ಆಯ್ತದೆ ಬಿಡಿ. ಮನಸ್ಸಿಗೆ ಹಚ್ಕೋಬೇಡಿ."

ನನಗೆ ನಾಳೆಯ ಮೇಲೂ ನಂಬಿಕೆ ಬರಲಿಲ್ಲ. ವ್ರತವೂ ಹೋಗಿತ್ತು, ಮನೆಯವರ ಹಸಿವೂ ಹೋಗಿರಲಿಲ್ಲ. ಚಾಪೆಯ ಮೇಲೆ ಮಲಗಿದರೆ ಉಂಡ ಅನ್ನ ಎದೆಯಲ್ಲಿ ಕಲ್ಲಾಗಿ ನಿಂತಿತ್ತು. ಇಂಥ ಹೊಟ್ಟೆ ಬೆಳಗಾಗುವುದರೊಳಗೆ ಹಸಿಯುವುದೆಂದರೇನು, ಅದಕ್ಕೆ ಬೇಕು ಅನ್ನಿಸುವುದೆಂದರೇನು?

ಮೊದಲ ಕೋಳಿ ಕೂಗಿದಾಗ ಎದ್ದು ಹಿತ್ತಲಿಗೆ ಹೋದೆ. ಬರುವಾಗ ಅಡುಗೆಮನೆಯಲ್ಲಿ ಚಂಪಾ ಗೋಡೆಗೊರಗಿ ಕೂತಿದ್ದಳು. ಒಲೆ ಹಚ್ಚಲು ಬಂದು ಕೈಲಾಗದೆ ಕೂತವಳು. ತೊಡೆಯ ಮೇಲೆ ಕೂಸು ಅತ್ತು ಸುಸ್ತಾಗಿ ಬಾಯಿ ತೆರೆದುಕೊಂಡೇ ಇತ್ತು. "ನೀನು ಏಳಬೇಡವ್ವ, ಕೂತಿರು" ಎಂದೆ. ಒಲೆ ಹೊತ್ತಿಸಿದೆ. ಡಬ್ಬಗಳನ್ನು ಒಂದೊಂದೇ ತೆಗೆದು ನೋಡಿ ರಾಗಿಹಿಟ್ಟು ಹುಡುಕಿದೆ, ಗಂಜಿ ಕಾಯಿಸಿದೆ, ಉಪ್ಪು ಹಾಕಿ ಮಜ್ಜಿಗೆ ಬೆರೆಸಿದೆ. ಗೂಟಕ್ಕೆ ನೇತುಹಾಕಿದ್ದ ಸೌಟು ತೆಗೆದು ಅವಳ ಬಟ್ಟಲಿಗೆ ಬಡಿಸಿದೆ.

ಹಿಂದಿನಿಂದ ದಾಕ್ಷಾಯಣಮ್ಮ, "ಅಯ್ಯೋ!" ಎಂದರು.

ತಿರುಗಿ ನೋಡಿದೆ. ಆಕೆ ಬಾಯಿಯ ಮೇಲೆ ಕೈ ಇಟ್ಟುಕೊಂಡು ನನ್ನ ಕೈಯಲ್ಲಿದ್ದ ಸೌಟನ್ನೇ ನೋಡುತ್ತಿದ್ದರು. "ಏನು ಮಾಡ್ಬುಟ್ಟೆಯೇ ತಾಯಿ... ಸೌಟು ಹಿಡಿದು ಬಡಿಸ್ಬುಟ್ಟಲ್ಲೇ. ಬಡಿಸೋರು ಮನೆಯೋರು ಕಣೆ. ತೌರಿಗೆ ಬಂದ ಹೆಣ್ಣುಮಕ್ಕಳಿಗೂ ನಾವು ಸೌಟು ಮುಟ್ಟೋಕೆ ಬಿಡಲ್ಲ."

ಅಷ್ಟು ಹೊತ್ತೂ ನೀವು ಎನ್ನುತ್ತಿದ್ದವರು ನೀನು ಎಂದಿದ್ದರು. ಅದು ನನ್ನ ಕಿವಿಗೆ ಬೀಳುವ ಹೊತ್ತಿಗೆ ಇನ್ನೊಂದೂ ಆಯಿತು. ಹಸಿವಾಯಿತು. ನನಗೆ ಗೊತ್ತಿದ್ದ ಹಸಿವೇ ಅದಲ್ಲ. ಏಕಾದಶಿಯ ಹಸಿವನ್ನು ನಾನು ಸಾಕಿದ ಪ್ರಾಣಿಯ ಹಾಗೆ ಬಲ್ಲೆ. ಬಾ ಎಂದರೆ ಬರುತ್ತದೆ, ಕೂರು ಎಂದರೆ ಕೂರುತ್ತದೆ, ಮರುದಿನ ಸೂರ್ಯ ಹುಟ್ಟಿದರೆ ಎದ್ದು ಹೋಗುತ್ತದೆ. ಇದು ನನ್ನ ಅಪ್ಪಣೆ ಕೇಳುವ ಹಸಿವಾಗಿರಲಿಲ್ಲ. ಗಂಜಿ ಕುಡಿದೆ. ಇನ್ನೊಂದು ಬಟ್ಟಲು ಕುಡಿದೆ. ಮರಳಿಗೆ ನೀರು ಹೊಯ್ದ ಹಾಗಾಯಿತು.

ಸೋಮಯ್ಯನವರು ಎದ್ದು ಬಂದು ವಿಷಯ ಕೇಳಿ ಜಗಲಿಯ ಕಂಬ ಹಿಡಿದುಕೊಂಡು ನಕ್ಕರು. "ಹೆರದೇ ಒಬ್ಬಳು ಮಗಳು ಬಂದ್ಲಲ್ಲ ದಾಕ್ಷಾಯಣಿ! ಹೆಸರಿಡೋ ಖರ್ಚೂ ಇಲ್ಲ" ಎಂದರು. ಚಂಪಾಳೂ ನಕ್ಕಳು. ಹಸಿದವರ ನಗೆ ಬೇಗ ಮುಗಿಯುತ್ತದೆ. ನಗೆ ನಿಂತ ಮೇಲೆ ಎಲ್ಲರಿಗೂ ಒಂದೇ ಯೋಚನೆ: ಮನೆಯಲ್ಲಿ ಇದ್ದ ಒಬ್ಬ ನೆಂಟರೂ ಈಗ ಇಲ್ಲ.

"ಪಕ್ಕದ ಮನೇಲಿರೋರು ನಿನಗೆ ಏನಾಗ್ಬೇಕು?" ಎಂದು ಸೋಮಯ್ಯನವರು ಕೇಳಿದರು.

"ಅಕ್ಕ."

"ನಾವು ಕರೆಯೋಂಗಿಲ್ಲ. ನೀನು ಕರೆದ್ರೆ ತಪ್ಪಿಲ್ಲ. ಅವರದು ಬೇರೆ ಸಂಸಾರ ತಾನೆ?"

"ಇಲ್ಲ. ಇಬ್ಬರದೂ ಒಂದೇ ಮನೆ. ಮೊದಲಿಂದಲೂ."

ಅವರು ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಒಂದೇ ಮನೆಯೋರು ಉಂಡ್ರೆ ನೆಂಟರು ಉಂಡಂಗಾಗಲ್ಲವ್ವ. ಆದ್ರೆ ನೀನೀಗ ಈ ಮನೆಯೋಳು. ಆದ್ರೂ ಆಗಬೈದು. ನೋಡ್ಬೇಕು."

ಆಗಬಹುದು ಎಂದರೆ ಏನಾದಂತೆ ಎಂಬುದು ಅವರು ಹೇಳದೆಯೇ ನನಗೆ ಹೊಳೆಯಿತು. ಅಕ್ಕ ಉಂಡು ನಮ್ಮ ಹೊಟ್ಟೆ ತುಂಬಿದರೆ, ಅವಳ ಮನೆ ಬೇರೆ, ನನ್ನ ಮನೆ ಬೇರೆ ಎಂದೇ ಆಯಿತು. ತುಂಬದಿದ್ದರೆ ನಾವಿಬ್ಬರೂ ಒಂದೇ. ಆ ಕೂಸು ಮಾತ್ರ ಅಳುತ್ತಿರುತ್ತದೆ. ಯಾವುದಾಗಲಿ ಎಂದು ಬೇಡಿಕೊಳ್ಳಬೇಕೆಂದು ತಿಳಿಯದೆ, ದೇವರ ಮುಂದೆ ಸುಮ್ಮನೆ ದೀಪ ಹಚ್ಚಿ ಬಂದೆ.

ಅಂಬುಜಕ್ಕ ಅಷ್ಟು ಹೊತ್ತಿಗೆ ಇಡ್ಲಿ, ವಡೆ, ಕೇಸರಿಭಾತು ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ಗೋಡೆಯ ಈಚೆಯಿಂದಲೇ ಎಲ್ಲ ಹೇಳಿದೆ. "ನೀನೊಬ್ಬಳು ಮಹರಾಯ್ತಿ! ನಮ್ಮನೇಲಿ ಒಂದು ದಿನ ಸೌಟು ಹಿಡಿದೋಳಲ್ಲ, ಇಲ್ಲಿ ಬಂದು ಹಿಡಿದ್ಯಾ?" ಎಂದು ಬೈದಳು. ಆದರೆ ಮಧ್ಯಾಹ್ನದ ಊಟ ಬೇಡವೆಂದು ಕೆಂಪರಾಜಪ್ಪನವರಿಗೆ ಹೇಳಿದಳು. ಬೆಳಗಿನ ತಿಂಡಿಯಿಂದಲೇ ಅವರೆಲ್ಲರ ಹೊಟ್ಟೆ ತಣ್ಣಗಾಗಿತ್ತು. "ನಿಮ್ಮ ಅಕ್ಕತಂಗೇರ ಮಧ್ಯೆ ನಾವು ಬರಲ್ಲ, ಹೋಗಿ" ಎಂದು ಅವರೂ ಒಪ್ಪಿದರು.

ಹಸಿವು ಬರಿಸಿಕೊಳ್ಳುವುದು ಅಂಬುಜಕ್ಕನಿಗೆ ಹೊಸ ಕೆಲಸ. ಊರ ಸುತ್ತ ಮೂರು ಸುತ್ತು ನಡೆದಳು. ಗ್ಯಾರೇಜಿಗೆ ಹೋಗಿ ಮೆಕ್ಯಾನಿಕ್‌ನೊಂದಿಗೆ ಜಗಳ ಕಾಯ್ದಳು. ಕವಲುದಾರಿಗೆ ಹೋಗಿ ಮಾದೇಶನ ಜೊತೆ ನಿಂತು, ಬಾರದ ಗಾಡಿಗಳಿಗೆ ಕಾದಳು. ಮಧ್ಯಾಹ್ನ ಮೂರರ ಹೊತ್ತಿಗೆ ಕಿಟಕಿಯ ಹತ್ತಿರ ಬಂದು, "ಕಣ್ಣು ಕತ್ತಲೆ ಬರ್ತಿದೆ ಕಣೆ. ಇದನ್ನ ಹದಿನೈದು ದಿನಕ್ಕೊಂದು ಸಲ ಹೇಗೆ ಮಾಡ್ತೀಯ?" ಎಂದಳು. "ಇನ್ನೂ ಸ್ವಲ್ಪ ತಡಿ" ಎಂದೆ. ಒಳಗೆ ನಾನು ಅವಳಿಗಿಷ್ಟವೆಂದು ಬದನೆಕಾಯಿ ಎಣ್ಣೆಗಾಯಿ ಮಾಡುತ್ತಿದ್ದೆ. ಮಸಾಲೆಯ ವಾಸನೆಗೆ ಕರುಳು ಹಿಂಡುತ್ತಿತ್ತು; ಆದರೂ ರುಚಿ ನೋಡಲಿಲ್ಲ, ನೆಂಟರಿಗೆಂದು ಮಾಡಿದ್ದಲ್ಲವೇ.

ಸಂಜೆ ಅವಳು ಬಂದಳು. ಸೀದಾ ಅಡುಗೆಮನೆಗೆ ನುಗ್ಗಿ, ತಟ್ಟೆ ತಾನೇ ತೆಗೆದುಕೊಂಡು ಕೂತಳು. ಸೋಮಯ್ಯನವರು, ದಾಕ್ಷಾಯಣಮ್ಮ, ಚಂಪಾ ತಟ್ಟೆ ಹಾಕಿಕೊಂಡು ಎದುರಿಗೆ ಕೂತರು; ಮಾದೇಶ ಇನ್ನೂ ಕವಲುದಾರಿಯಲ್ಲೇ ಇದ್ದ. ನಾನು ಬಡಿಸಿದೆ. ಅಕ್ಕ ಗಬಗಬ ತಿಂದಳು. ಹಸಿದಿದ್ದಳು, ಅದರಲ್ಲಿ ಸಂಶಯವಿರಲಿಲ್ಲ. ತಿನ್ನುತ್ತಲೇ, "ಉಪ್ಪು ಕಮ್ಮಿ ಕಣೆ. ಬದನೆಕಾಯಿ ಬೆಂದಿಲ್ಲ. ಈ ಒಗ್ಗರಣೆ ಸೀದಿರೋದು ಮೂಗಿಗೆ ಬರ್ಲಿಲ್ವಾ ನಿನಗೆ? ಅಪ್ಪನ ಪದ್ಯ ಕೇಳೋ ಬದಲು ನನ್ನ ಜೊತೆ ಒಲೆ ಮುಂದೆ ನಿಂತಿದ್ರೆ..." ಎಂದಳು.

ಚಂಪಾ ನನ್ನನ್ನು ನೋಡಿದಳು. ನಾನು ನನ್ನ ಹೊಟ್ಟೆಯೊಳಗೆ ಕಿವಿಗೊಟ್ಟೆ. ಏನೂ ಇಲ್ಲ. ಕೋಣೆಯಲ್ಲಿ ಕೂಸು ಎಚ್ಚರಾಗಿ ಅಳತೊಡಗಿತು. ಆ ಒಂದು ಕ್ಷಣ ನನಗೆ ಸಂತೋಷವಾಯಿತೆಂದು ಹೇಳಲೇಬೇಕು.

"ಏನಾಯ್ತು?" ಎಂದಳು ಅಕ್ಕ.

ದಾಕ್ಷಾಯಣಮ್ಮ ತಟ್ಟೆಯ ಅಂಚನ್ನು ಸವರುತ್ತ ಹೇಳಿದರು: "ಏನಿಲ್ಲ ತಾಯಿ. ನೀವು ನಿಮ್ಮನೇಲಿ ಕೂತಂಗೆ ಕೂತಿದ್ದೀರ, ಅಷ್ಟೇಯ. ಉಪ್ಪು ಕಮ್ಮಿ ಅಂತ ನೆಂಟರು ಹೇಳಲ್ಲ. ಮನೆಯೋರು ಹೇಳ್ತಾರೆ."

ಅಂಬುಜಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. ಕೂಸು ಅಳುತ್ತಿದ್ದ ಕಡೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಬಹಳ ಹೊತ್ತು, ನನ್ನ ಮುಖವನ್ನು ಎಲ್ಲೋ ಎತ್ತಿಡುವ ಹಾಗೆ. ಹೊಟ್ಟೆ ಇನ್ನೂ ಅರ್ಧವೂ ತುಂಬಿರಲಿಲ್ಲ ಅವಳಿಗೆ. ಎದ್ದು ಕೈ ತೊಳೆದು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು. ಬೇಸರವಾಗಿ ಹೊರಟುಹೋದಳೆಂದೇ ನಾನು ತಿಳಿದೆ. ಗೇಟು ಕಿರ್ ಎಂದಿತು, ಮುಚ್ಚಿಕೊಂಡಿತು. ಆಮೇಲೆ ಗೇಟಿನ ಆಚೆಯಿಂದ ಒಂದು ದನಿ ಬಂತು.

"ಯಾರಾದರೂ ಇದ್ದೀರಾ ಮನೇಲಿ?"

ಅದು ಅಂಬುಜಕ್ಕನ ದನಿಯೇ. ಆದರೆ ಈ ದಾರಿಯುದ್ದಕ್ಕೂ ಹೊಸ ಮನೆಗಳ ಮುಂದೆ ನಿಂತು ಕೂಗುತ್ತಿದ್ದ ದನಿ. ಸ್ವಲ್ಪ ಸಂಕೋಚ, ಸ್ವಲ್ಪ ಆಸೆ. ದಾಕ್ಷಾಯಣಮ್ಮ ನನ್ನ ಬೆನ್ನು ಮುಟ್ಟಿದರು. ನಾನು ಹೋಗಿ ಬಾಗಿಲಲ್ಲಿ ನಿಂತೆ.

"ಬನ್ನಿ" ಎಂದೆ.

ಕಾಲಿಗೆ ನೀರು ಕೊಟ್ಟೆ. ಅವಳು ಕಾಲು ತೊಳೆದು, ಎಲ್ಲಿ ಕೂರಬೇಕೆಂದು ನಾನು ತೋರಿಸುವ ತನಕ ನಿಂತೇ ಇದ್ದಳು. ಚಾಪೆ ಹಾಸಿದೆ, ಕೂತಳು. ಸೀರೆಯ ಸೆರಗನ್ನು ಹೆಗಲ ತುಂಬ ಹೊದ್ದುಕೊಂಡಳು.

"ದೂರದಿಂದ ಬಂದ್ರೇನೋ" ಎಂದು ಸೋಮಯ್ಯನವರು ವಿಚಾರಿಸಿದರು.

"ಹೂಂ, ಬಹಳ ದೂರ. ನಾನೂ ನನ್ನ ತಂಗಿನೂ ಜೊತೆಗೇ ಹೊರಟಿದ್ವಿ."

"ತಂಗಿ ಎಲ್ಲಿ?"

ಅಂಬುಜಕ್ಕ ನನ್ನ ಕಡೆ ನೋಡಲಿಲ್ಲ. "ದಾರೀ ಮೇಲೆ ಒಂದು ಒಳ್ಳೆ ಮನೆ ಸಿಕ್ತು. ಅಲ್ಲೇ ಉಳಿದಳು" ಎಂದಳು.

ನಾನು ಹೊಸ ಎಲೆ ಹಾಕಿದೆ, ಬಡಿಸಿದೆ. ಅವಳು ಎಲೆಗೆ ಕೈ ಮುಗಿದು ಉಣ್ಣತೊಡಗಿದಳು. ಈ ಸಲ ನಿಧಾನವಾಗಿ. ಬದನೆಕಾಯಿ ತಿಂದು, "ಎಷ್ಟು ಚೆನ್ನಾಗಿ ಮಾಡಿದ್ದೀರಿ" ಎಂದಳು. ಅನ್ನ ಹಾಕಲು ಹೋದರೆ ಎಲೆಯ ಮೇಲೆ ಕೈ ಅಡ್ಡ ಹಿಡಿದು, "ಸಾಕು ಸಾಕು" ಎಂದಳು. ಜನ್ಮದಲ್ಲಿ ಅವಳು ನನಗೆ ಸಾಕು ಎಂದದ್ದಿಲ್ಲ. "ಸಂಕೋಚ ಪಡಬೇಡಿ, ಇನ್ನೊಂದು ಸ್ವಲ್ಪ" ಎಂದು ಕೈಸಂದಿಯಲ್ಲೇ ಬಡಿಸಿದೆ. ಅವಳು ತಲೆ ತಗ್ಗಿಸಿ ಉಂಡಳು. ಮಜ್ಜಿಗೆಯನ್ನದ ಹೊತ್ತಿಗೆ, ಬೆಳಗ್ಗೆಯಿಂದ ನಾನು ತಿಂದದ್ದು ಕುಡಿದದ್ದೆಲ್ಲ ಎಲ್ಲಿಂದಲೋ ಹಿಂತಿರುಗಿ ಬಂದು ನನ್ನೊಳಗೆ ಕೂತಿತು. ಬೆಚ್ಚಗೆ, ಭಾರವಾಗಿ. ಸೋಮಯ್ಯನವರು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟರು. ಚಂಪಾ ಧಡಕ್ಕನೆ ಎದ್ದು, ಎಂಜಲು ಕೈ ತೊಳೆದೂ ತೊಳೆಯದೆ ಕೋಣೆಗೆ ಓಡಿದಳು. ಅಳು ಇನ್ನೂ ಸ್ವಲ್ಪ ಹೊತ್ತು ಕೇಳಿಸಿತು, ಆಮೇಲೆ ಬಿಕ್ಕಳಿಕೆ, ಆಮೇಲೆ ಕೂಸು ನುಂಗುವ ಸದ್ದು, ಇಡೀ ಮನೆಗೆ ಕೇಳುವಷ್ಟು.

ಅಂಬುಜಕ್ಕ ನನ್ನನ್ನು ಕಣ್ಣಲ್ಲೇ ಕೇಳಿದಳು. ನಾನು ಹೌದೆಂದು ತಲೆ ಆಡಿಸಿದೆ. ಅವಳ ಬಾಯಿ ಒಂದು ಸಲ ನಡುಗಿತು. ಸಂತೋಷಕ್ಕೋ ದುಃಖಕ್ಕೋ ನಾನು ಕೇಳಲಿಲ್ಲ, ಅದನ್ನು ನನ್ನನ್ನೂ ಯಾರೂ ಕೇಳಬಾರದಿತ್ತು.

ಎದ್ದವಳು ಎಲೆ ತೆಗೆಯಲಿಲ್ಲ. ಹಿತ್ತಲಲ್ಲಿ ನಾನು ಅವಳ ಕೈಗೆ ನೀರು ಹೊಯ್ದೆ. ತೊಳೆದ ಮೇಲೂ ಕೈಗಳನ್ನು ಚೆಂಬಿನ ಕೆಳಗೇ ಹಿಡಿದಿದ್ದಳು. ನೀರು ಮುಗಿಯುವ ತನಕ ನಾನೂ ಹೊಯ್ಯುತ್ತಿದ್ದೆ. ದಾಕ್ಷಾಯಣಮ್ಮ ತಟ್ಟೆಯಲ್ಲಿ ಎಲೆ ಅಡಿಕೆ ತಂದರು, ಕುಂಕುಮ ಇಟ್ಟುಕೊಳ್ಳಿ ಎಂದರು. ಗಂಡನಿಲ್ಲದವಳೆಂದು ಅಂಬುಜಕ್ಕ ಹಿಂಜರಿದಳು. "ನೆಂಟರಿಗೆ ನಮ್ಮೂರಲ್ಲಿ ಅದೆಲ್ಲ ಇಲ್ಲ" ಎಂದು ಆಕೆಯೇ ಇಟ್ಟರು.

ಗೇಟಿನವರೆಗೆ ಕಳುಹಿಸಲು ನಾನು ಹೋದೆ. ಮನೆಯಲ್ಲಾದರೆ ಈ ಹೊತ್ತಿಗೆ, ಬಾಗಿಲು ಭದ್ರ ಮಾಡಿದ್ಯಾ, ಹಾಲಿಗೆ ಹೆಪ್ಪು ಹಾಕಿದ್ಯಾ ಎಂದು ಏನಾದರೊಂದು ಗದರುತ್ತಿದ್ದಳು. "ಬರ್ತೀನಿ, ಊಟ ತುಂಬ ಚೆನ್ನಾಗಿತ್ತು" ಎಂದಳು. "ಹೋಗಿ ಬನ್ನಿ" ಎಂದೆ. ಕೆಂಪರಾಜಪ್ಪನವರ ಮನೆಯ ಕಡೆ ನಾಲ್ಕು ಹೆಜ್ಜೆ ಇಟ್ಟವಳು ನಿಂತಳು. ಹಿಂದಿರುಗಿ ನೋಡದೆ, ಯಾರಿಗೋ ಹೇಳುವ ಹಾಗೆ ಹೇಳಿದಳು.

"ನಾಳೆ ಬೆಳಗ್ಗೆ ನಮ್ಮ ವ್ಯಾನು ಹೊರಡುತ್ತೆ. ಒಂದು ಜಾಗ ಇದೆ. ಬರೋರಿದ್ರೆ ಹೇಳಿ."

"ಯಾವ ಕಡೆಗೆ ಹೋಗುತ್ತೆ?" ಎಂದೆ.

"ನಮ್ಮನೆಗೆ" ಎಂದಳು ಅಂಬುಜಕ್ಕ. "ನಾಲ್ಕು ದಿನ ಇದ್ದು ಹೋಗಬಹುದು. ನಮ್ಮನೆಗೆ ನೆಂಟರು ಅಂತ ಬಂದು ಬಹಳ ವರ್ಷ ಆಯ್ತು."